ಏಳನೇ ಖಾನೆಯ ಜಗಲಿ

ವಾಕಡ, ಪುಣೆ
3 ಸೆಪ್ಟೆಂಬರ್ 2001

ಪ್ರೀತಿಯ ದತ್ತು ಅಣ್ಣನಿಗೆ ಭುವನೇಶ್ವರಿಯ ನಮಸ್ಕಾರ.

ಆರಾಮಾಗಿದ್ದೇನೆ ಎಂದು ಬರೆದೇ ಪತ್ರ ಶುರು ಮಾಡಬೇಕಂತೆ, ಸೋದರತ್ತೆ ಚಂದಮ್ಮ ಹೇಳುತ್ತಾಳೆ. ಆದರೆ ನಾನು ಆರಾಮಾಗಿಲ್ಲ. ಊಟಕ್ಕೆ ಕೂತರೆ ಎರಡು ತುತ್ತಿಗೇ ಎದ್ದುಬಿಡುತ್ತೇನೆ. ನಿಮ್ಮ ಸ್ಟೋರಿನ ಫೋನು ಇನ್‌ಚಾರ್ಜ್ ಸಾಹೇಬರ ಮೇಜಿನ ಮೇಲಿರುವುದರಿಂದ ಮನಸ್ಸು ಬಿಚ್ಚಿ ಮಾತಾಡುವಂತಿಲ್ಲ. ಅದಕ್ಕೇ ಹೆಡ್ ಆಫೀಸಿನ ವ್ಯಾನು ಓಡಿಸುವ ಗುರಣ್ಣನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಟಪಾಲಿನ ಚೀಲಕ್ಕೆ ಹಾಕಬೇಡ, ನಮ್ಮಣ್ಣನ ಕೈಗೇ ಕೊಡು ಎಂದಿದ್ದೇನೆ. ನೀನೂ ಅವನ ಕೈಯಲ್ಲೇ ಉತ್ತರ ಕಳಿಸು.

ವಿಷಯ ಏನೆಂದರೆ, ಕಂಪನಿ ಹೊಸ ಸಾಫ್ಟ್‌ವೇರ್ ತಂದಿದೆ. ಕುರಕುಂಭದ ಫ್ಯಾಕ್ಟರಿಯ ನಿಮ್ಮ ಕೆಮಿಕಲ್ ಸ್ಟೋರಿನಲ್ಲಿ ಯಾವ ಸಾಮಾನು ನೆಲದ ಮೇಲಿನ ಯಾವ ಖಾನೆಯಲ್ಲಿದೆ, ಎಷ್ಟಿದೆ ಎಂಬ ವಿವರವೆಲ್ಲ ಹಳೆಯ ಕಂಪ್ಯೂಟರಿನಲ್ಲಿತ್ತಲ್ಲ, ಅದನ್ನು ಹೊಸದರೊಳಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಳೆಯದು ಬಡಪಾಯಿ, ಏನು ಕೊಟ್ಟರೂ ನುಂಗುತ್ತಿತ್ತು. ಹೊಸದು ಮದುವೆಗೆ ಬಂದ ಬೀಗಿತ್ತಿಯ ಹಾಗೆ ಪ್ರತಿಯೊಂದರಲ್ಲೂ ಕೊಂಕು ತೆಗೆಯುತ್ತದೆ. ಈ ಸಾಲಿನಲ್ಲಿ ಅಳತೆ ಬರೆದಿಲ್ಲ, ತಗೋ ವಾಪಸ್. ಆ ಸಾಲಿನಲ್ಲಿ ತಾರೀಖು ತಿರುವುಮುರುವು, ತಗೋ ವಾಪಸ್. ವಾಪಸ್ ಬಂದ ಸಾಲುಗಳೆಲ್ಲ ಕೆಂಪು ಬಣ್ಣದಲ್ಲಿ ಕಾಣುತ್ತವೆ. ಪರದೆ ತುಂಬ ಕೆಂಪು. ಕಣ್ಣು ಮುಚ್ಚಿದರೂ ಕೆಂಪು.

ನನ್ನ ಮೇಲಿನವರು ಮಧುಕರ ಸರ್. ಕೆಟ್ಟವರಲ್ಲ, ಆದರೆ ಅವರ ಮೇಲೂ ಯಾರೋ ಇದ್ದಾರೆ. ದಸರೆಯೊಳಗೆ ಹೊಸದು ನಡೆಯಬೇಕು, ಒಂದೂ ಕೆಂಪು ಸಾಲು ಉಳಿಯಬಾರದು ಎಂದಿದ್ದಾರೆ. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಒಂದು ತಮಾಷೆ ಕೇಳು. ನಿಮ್ಮ ಏಳನೇ ಖಾನೆಯಲ್ಲಿ ‘ಜಗಲಿ’ ಎಂಬ ಸಾಮಾನಿದೆಯಂತೆ, ನಮ್ಮ ಮನೆಯ ದೇವರ ಜಗಲಿಯ ಹಾಗೆ! ಎಷ್ಟು? ಒಂದು. ಅಳತೆ ಇಲ್ಲ, ದರ ಇಲ್ಲ, ತಂದುಕೊಟ್ಟವರ ಹೆಸರಿಲ್ಲ. ದೇವರನ್ನು ಕಿಲೋದಲ್ಲಿ ತೂಗಬೇಕೋ ಲೀಟರಿನಲ್ಲಿ ಅಳೆಯಬೇಕೋ ಎಂದು ಹೊಸ ಸಾಫ್ಟ್‌ವೇರ್ ಕೂತುಬಿಟ್ಟಿತು. ಮಧುಕರ ಸರ್ ಪರದೆಗೆ ಬಗ್ಗಿ, "ಹೇ ಜಗಲಿ ಕಾಯ ಆಹೇ, ಏನಿದು? ಯಾವ ಕೆಮಿಕಲ್ಲು? ಕುರಕುಂಭಕ್ಕೆ ಫೋನ್ ಮಾಡಿ ಕೇಳೋಣವಾ?" ಎಂದರು. ನನಗೆ ನಗು. ನಮ್ಮ ಕಲಬುರ್ಗಿ ಕಡೆ ಮನೆಯಲ್ಲಿ ದೇವರು ಕೂರಿಸುವ ಕಟ್ಟೆ ಸರ್, ಪೂಜೆಯ ಸಾಮಾನಿರಬೇಕು, ನಮ್ಮವರೇ ಯಾರೋ ಹಾಕಿದ್ದಾರೆ ಎಂದೆ. "ಫೋನ್ ನಕೋ, ಬೇಡ ಸರ್. ಮಲಾ ಮಾಹೀತ ಆಹೇ." ನನಗೆ ಗೊತ್ತು ಎಂದ ಮೇಲೆ ಅವರೂ ಒಪ್ಪಿಕೊಂಡರು. ಆ ಸಾಲು ತೆಗೆದುಹಾಕಿದೆ. ಒಂದು ಕೆಂಪು ಕಡಿಮೆಯಾಯಿತು.

ಸ್ಟೋರಿನ ನಿನ್ನ ಜೊತೆಗಾರ ಭೀಮಣ್ಣ ಕಳಿಸಿದ ಜೋಳದ ರೊಟ್ಟಿ ಮುಟ್ಟಿತು. ಇಷ್ಟು ತೆಳ್ಳಗೆ ಬಡಿಯಲು ಗಂಡಸಿಗೆ ಯಾರು ಕಲಿಸಿದರೆಂದು ಕೇಳು. ಹಾಗೇ ರೊಟ್ಟಿಗೆ ಹಚ್ಚಿಕೊಳ್ಳಲು ಚೂರು ಶೇಂಗಾ ಹಿಂಡಿಯನ್ನೂ ಕಳಿಸಲು ಹೇಳು.

ನಿನ್ನ ತಂಗಿ
ಭುವನಾ


ಕುರಕುಂಭ
10 ಸೆಪ್ಟೆಂಬರ್ 2001

ತಂಗಿ ಭುವನಾಳಿಗೆ ಅಣ್ಣನ ಆಶೀರ್ವಾದ.

ದೇವರನ್ನು ತೂಗಿ ನೋಡಿದ ಮಹಾತಾಯಿ, ನಿನಗೆ ದೊಡ್ಡ ನಮಸ್ಕಾರ. ನಿನ್ನ ಪತ್ರವನ್ನು ಭೀಮಣ್ಣನಿಗೆ ಓದಿ ಹೇಳಿದೆ. ಅವನು ನಗಲಿಲ್ಲ. "ಅಪ್ಪನ ಜಾಗಾ ತೆಗದ್ರೇನು?" ಎಂದ. ಕಂಪ್ಯೂಟರಿನಲ್ಲಷ್ಟೇ ತೆಗೆದಿದ್ದಾಳೆ ಮಾರಾಯ, ನಿಜವಾದ ದೇವರು ಅಲ್ಲೇ ಇದ್ದಾನೆ ಎಂದು ಸಮಾಧಾನ ಮಾಡಿದೆ. ರೊಟ್ಟಿ ಬಡಿಯುವುದನ್ನು ಅವನ ಅವ್ವ ಮಾನಮ್ಮ ಕಲಿಸಿದ್ದಂತೆ. ಹೇಳುವಾಗ ಕಿವಿ ಕೆಂಪಾಗಿತ್ತು.

ಆ ಜಗಲಿ ನಮ್ಮ ರಾಮಲಿಂಗಪ್ಪ ಕಾಕಾ ಮಾಡಿಸಿದ್ದು. ಹೋದ ವರ್ಷ ತೀರಿಕೊಂಡರಲ್ಲ, ಹಳೆಯ ಸ್ಟೋರ್‌ಕೀಪರ್, ಅವರೇ. ಆರನೇ ಖಾನೆಯಲ್ಲಿ ಆ್ಯಸಿಡ್ಡಿನ ಕ್ಯಾನು, ಎಂಟನೆಯದರಲ್ಲಿ ಸಲ್ಫೈಡಿನ ಚೀಲ. ನಡುವೆ ಏಳನೆಯದು ಖಾಲಿ, ಅಲ್ಲಿ ಗೋಡೆಗೆ ಭೀಮಣ್ಣ ಅಪ್ಪ ಎನ್ನುವ ಶರಣಬಸಪ್ಪನ ಫೋಟೋ. ಬೆಂಕಿ ಹಚ್ಚುವಂತಿಲ್ಲ, ಹಾಗಾಗಿ ಊದಿನಕಡ್ಡಿ ದೀಪ ಏನೂ ಇಲ್ಲ, ಹೂವು ಮಾತ್ರ. ದಿನಾ ಬೆಳಿಗ್ಗೆ ನೆಲ ತೊಳೆಯುವುದು, ಚಪ್ಪಲಿ ಬಿಟ್ಟು ಒಳಗೆ ಕಾಲಿಡುವುದು. ಕಾಕಾ ಹಳೆಯ ಕಂಪ್ಯೂಟರಿನವನಿಗೆ ಚಹಾ ಕುಡಿಸಿ ‘ಜಗಲಿ’ ಎಂದು ಬರೆಸಿದ್ದರು, ಯಾರೂ ಅಲ್ಲಿ ಸಾಮಾನು ಇಡಬಾರದೆಂದು. ಯಾಕೆ ಎಂದು ಕೇಳಿದರೆ "ದೇವರ ಜಾಗಾ ಅದ, ಏನೂ ಇಡಬ್ಯಾಡ್ರಿ" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ನಾವೂ ಕೇಳಲಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಒಂದು ಸಣ್ಣ ಮಾತು. ಹೊಸದು ಬಂದ ಮೇಲೆ ಯಾವ ಸಾಮಾನು ಎಲ್ಲಿಡಬೇಕೆಂದು ಕಂಪ್ಯೂಟರೇ ಚೀಟಿ ಕೊಡುತ್ತದಂತೆ. ಇಂಗ್ಲಿಷ್ ಚೀಟಿ ಓದಲು ಬಾರದವರನ್ನು ಹೊರಗಿನ ಲೋಡಿಂಗಿಗೆ ಹಾಕುತ್ತಾರಂತೆ. ನನಗೇನೂ ಹೆದರಿಕೆಯಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ. ಆ ಚೀಟಿ ಹೇಗಿರುತ್ತದೆಂದು ಸ್ವಲ್ಪ ಬರೆದು ತಿಳಿಸು. ಭೀಮಣ್ಣನಿಗೂ ಬೇಕು.

ದಸರೆಗೆ ನಾನು ಪುಣೆಗೆ ಬಂದಾಗ ನಿನ್ನ ಹತ್ತಿರ ಒಂದು ವಿಷಯ ಮಾತಾಡುವುದಿದೆ. ಹೆದರಬೇಡ, ಒಳ್ಳೆಯ ವಿಷಯ.

ದತ್ತು


ವಾಕಡ
26 ಸೆಪ್ಟೆಂಬರ್ 2001

ಅಣ್ಣಾ,

ಮುಗಿಯಿತು! ಪರದೆಯ ಮೇಲೆ ಒಂದೂ ಕೆಂಪು ಸಾಲಿಲ್ಲ. ಮಧುಕರ ಸರ್ ಪೇಢೆ ಹಂಚಿ, ಎಲ್ಲರೆದುರು ನನ್ನ ಹೆಸರು ಹೇಳಿದರು. ಇಷ್ಟು ದಿನದ ಮೇಲೆ ನಿನ್ನೆ ಹೊಟ್ಟೆ ತುಂಬ ಊಟ ಮಾಡಿದೆ.

ಚೀಟಿಯ ನಮೂನೆಯನ್ನು ಕನ್ನಡದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಮೇಲಿನ ಸಾಲಿನಲ್ಲಿ ಸಾಮಾನಿನ ಹೆಸರು, ಕೆಳಗಿನ ಮೂಲೆಯಲ್ಲಿ ಖಾನೆಯ ಸಂಖ್ಯೆ. ನಿನಗೆ ಕಷ್ಟವೇ ಅಲ್ಲ. ಒಂದೇ ಒಂದು ಮಾತು. ಚೀಟಿಯಲ್ಲಿ ಯಾವ ಖಾನೆ ಬರೆದಿದೆಯೋ ಅಲ್ಲೇ ಇಡಬೇಕು. "ಇಲ್ಲಿ ಬ್ಯಾಡ, ಅಲ್ಲಿ ಇಡೂಣು" ಎಂದು ನಿಮ್ಮ ಹಳೆಯ ಚಾಳಿ ನಡೆಸಿದರೆ ಇಲ್ಲಿ ಮತ್ತೆ ಕೆಂಪು ಬರುತ್ತದೆ, ಬಂದರೆ ಏರಿಸಿದವಳು ತಪ್ಪು ಏರಿಸಿದ್ದಾಳೆ ಎನ್ನುತ್ತಾರೆ. ಮೂರು ತಿಂಗಳು ಸರಿಯಾಗಿ ನಡೆದರೆ ನನ್ನನ್ನು ಕಾಯಂ ಮಾಡುತ್ತಾರೆ. ನಿನಗೆ ಕೈ ಮುಗಿಯುತ್ತೇನೆ ಅಣ್ಣಾ, ಚೀಟಿ ಮೀರಬೇಡ. ಭೀಮಣ್ಣನಿಗೂ ಹೇಳು.

ಒಳ್ಳೆಯ ವಿಷಯ ಯಾವುದು? ಈಗಲೇ ಬರೆಯಬಾರದೇ?

ಭುವನಾ


ಕುರಕುಂಭ
6 ಅಕ್ಟೋಬರ್ 2001

ತಂಗಿಗೆ ಆಶೀರ್ವಾದ.

ದೇವರಿಗೆ ವರ್ಗಾವಣೆಯಾಯಿತು.

ಸಲ್ಫೈಡಿನ ದೊಡ್ಡ ಲೋಡು ಬಂತು. ಎಂಟನೇ ಖಾನೆ ತುಂಬಿತ್ತು. ಉಳಿದ ಚೀಲಗಳಿಗೆ ಚೀಟಿಯಲ್ಲಿ ಏಳು ಎಂದು ಬಂತು. ಭೀಮಣ್ಣ ಕೈಗಾಡಿ ಬಿಟ್ಟು ನಿಂತುಬಿಟ್ಟ. "ನಾ ಇಡಂಗಿಲ್ರೀ ಸಾಹೇಬ್ರ, ಅದು ಅಪ್ಪನ ಜಾಗಾ ಅದ" ಎಂದ. ಇನ್‌ಚಾರ್ಜ್ ಸಾಹೇಬರು ಪುಣೆಯಿಂದ ಹೊಸದಾಗಿ ಬಂದವರು. ಕಂಪ್ಯೂಟರ್ ಖಾಲಿ ಎನ್ನುತ್ತದೆ, ಕಣ್ಣಿಗೂ ಖಾಲಿ ಕಾಣುತ್ತದೆ, ನಿನಗೇನು ತೊಂದರೆ ಎಂದು ಬೈದರು. ಇಡದಿದ್ದರೆ ಗೇಟ್ ಪಾಸ್ ಕೊಟ್ಟು ಹೋಗು ಎಂದರು. ಭೀಮಣ್ಣ ನನ್ನ ಮುಖ ನೋಡಿದ. ನೀನು ಕೈ ಮುಗಿದು ಬರೆದದ್ದು ನನಗೆ ನೆನಪಾಯಿತು. ಫೋಟೋವನ್ನು ನನ್ನ ಕೈಯಾರೆ ಇಳಿಸಿ, ಹೊರಗೆ ಆಫೀಸಿನ ಕಿಟಕಿಯ ಹತ್ತಿರ ಇಟ್ಟೆ. ಚೀಲಗಳು ಒಳಗೆ ಹೋದವು. ಆ್ಯಸಿಡ್ಡಿನ ಕ್ಯಾನುಗಳ ಬುಡಕ್ಕೇ ಒತ್ತಿ ಇಟ್ಟಿದ್ದೇವೆ, ಅಷ್ಟು ಇಕ್ಕಟ್ಟು.

ಈಗ ಆ ನೆಲ ಯಾರೂ ತೊಳೆಯುವುದಿಲ್ಲ. ತೊಳೆಯಲು ಜಾಗವೂ ಇಲ್ಲ. ಚಪ್ಪಲಿ ಹಾಕಿಕೊಂಡೇ ಓಡಾಡುತ್ತೇವೆ. ಭೀಮಣ್ಣ ಸರಿಯಾಗಿ ಉಣ್ಣುತ್ತಿಲ್ಲ. ಸ್ಟೋರಿನಲ್ಲಿ ಕೊಳೆತ ಮೊಟ್ಟೆಯಂಥ ವಾಸನೆ ಶುರುವಾಗಿದೆ. ಅಪ್ಪ ಮುನಿದಿದ್ದಾನೆ ಎಂದು ಅವನು. ಯಾರದೋ ಡಬ್ಬಿ ಹಳಸಿದೆ ಎಂದು ನಾನು. ಆದರೂ ನಿಜ ಹೇಳುತ್ತೇನೆ, ಒಳಗೆ ಹೋಗುವಾಗ ನಾನೂ ಬಾಗಿಲಲ್ಲಿ ಒಮ್ಮೆ ಕೈ ಮುಗಿಯುತ್ತೇನೆ. ಆ ಜಗಲಿಯ ಸಾಲನ್ನು ಮತ್ತೆ ಏರಿಸಲು ಬರುವುದಿಲ್ಲವೇ? ನಿನಗೆ ಮಷೀನು ಗೊತ್ತಲ್ಲ, ಏನಾದರೂ ಮಾಡು.

ದತ್ತು


ವಾಕಡ
13 ಅಕ್ಟೋಬರ್ 2001

ಅಣ್ಣಾ,

ನಿನ್ನ ಪತ್ರ ಓದಿ ಸಿಟ್ಟು ಬಂತು. ಎಲ್ಲದಕ್ಕೂ ನಾನೇ ಕಾರಣ ಎಂಬ ಹಾಗೆ ಬರೆದಿದ್ದೀ. ನಾನು ದೇವರನ್ನು ಓಡಿಸಲಿಲ್ಲ, ಒಂದು ಸಾಲು ತೆಗೆದೆ.

ಮತ್ತೆ ಏರಿಸುವುದು ನೀನು ತಿಳಿದಷ್ಟು ಸುಲಭವಲ್ಲ. ಹೊಸದು ನಡೆಯಲು ಶುರುವಾದ ಮೇಲೆ ಏನು ಬದಲಿಸಬೇಕಾದರೂ ಮಧುಕರ ಸರ್ ಸಹಿ ಬೇಕು. ಯಾಕೆ ಎನ್ನುತ್ತಾರೆ. ಫೋನ್ ಮಾಡಿ ಕೇಳೋಣವೇ ಎಂದು ಅವರು ಅಂದಾಗ ಬೇಡ, ನನಗೆ ಗೊತ್ತು ಎಂದವಳು ನಾನು. ಈಗ ಗೊತ್ತಿರಲಿಲ್ಲ ಸರ್ ಎಂದು ಯಾವ ಬಾಯಲ್ಲಿ ಹೇಳಲಿ? ನನಗೆ ಹೆದರಿಕೆಯಾಗುತ್ತದೆ ಅಣ್ಣಾ. ನಿನಗೆ ಕಾಯಂ ನೌಕರಿ ಇದೆ, ನಿನಗೆ ತಿಳಿಯುವುದಿಲ್ಲ.

ವಾಸನೆ ಗಟಾರದ್ದಿರಬೇಕು. ಫಿನೈಲು ಹಾಕಿಸು. ಭೀಮಣ್ಣನಿಗೆ ಅಷ್ಟೊಂದು ಭಕ್ತಿ ಇದ್ದರೆ ತಾನೇ ಚೀಲ ಸರಿಸಿ, ನೆಲ ತೊಳೆದು, ದೇವರನ್ನು ಕೂರಿಸಿಕೊಳ್ಳಲಿ. ನನ್ನನ್ನು ಬಿಡಿ.

ಭುವನಾ


ಕುರಕುಂಭ
19 ಅಕ್ಟೋಬರ್ 2001

ತಂಗಿ,

ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಪತ್ರವನ್ನು ಒಂದಕ್ಷರ ಬಿಡದೆ ಭೀಮಣ್ಣನಿಗೆ ಓದಿ ಹೇಳಿದೆ. "ಖರೇ ಅದ, ಆಕಿ ತಪ್ಪೇನದ" ಎಂದ. ನಿನ್ನ ಪರ ವಕೀಲಿ ಮಾಡಲು ಅವನಿಗೆ ಒಂದು ನೆಪ ಸಾಕು.

ಖುಷಿಯ ಸುದ್ದಿ. ಆ ವಾಸನೆ ಹೋಯಿತು! ನಡುವೆ ಎರಡು ದಿನ ಭಾಳ ಜೋರಾಗಿತ್ತು, ಕಣ್ಣುರಿ, ತಲೆನೋವು. ನಿನಗೆ ಹೇಳಬಾರದೆಂದುಕೊಂಡಿದ್ದೆ. ಈಗ ನನಗೂ ಬರುವುದಿಲ್ಲ, ಭೀಮಣ್ಣನಿಗೂ ಬರುವುದಿಲ್ಲ. ಒಳಗೆ ಹೋಗಿ ಸ್ವಲ್ಪ ಹೊತ್ತಾದರೆ ಮುಗಿಯಿತು, ಏನೇನೂ ಇಲ್ಲ. ಹೊರಗಿನಿಂದ ಬಂದ ಲಾರಿಯವರು ಮಾತ್ರ ಬಾಗಿಲಲ್ಲೇ ಮೂಗು ಹಿಡಿದು ನಿಲ್ಲುತ್ತಾರೆ. "ನಮಗ್ಯಾಕ ಬರವಲ್ದು?" ಎಂದು ನಾವು ಅವರನ್ನು ಆಡಿಕೊಂಡು ನಗುತ್ತೇವೆ. ಅಪ್ಪ ನಮ್ಮನ್ನು ಕ್ಷಮಿಸಿದ್ದಾನೆ ಎಂದು ಭೀಮಣ್ಣನ ಲೆಕ್ಕ.

ಖಂಡೇನವಮಿಗೆ ಸ್ಟೋರಿನ ಒಳಗೇ ಆಯುಧ ಪೂಜೆ. ಕೈಗಾಡಿ, ತಕ್ಕಡಿ, ಈ ಸಲ ಕಂಪ್ಯೂಟರಿಗೂ ಕುಂಕುಮ. ಎಲ್ಲರೂ ಒಳಗೆ ಕೂರುತ್ತೇವೆ. ಹೋದ ವರ್ಷ ರಂಗೋಲಿ ಹಾರಿಹೋಗಿತ್ತೆಂದು ಈ ಸಲ ಹಿಂದಿನ ದಿನವೇ ದೊಡ್ಡ ಫ್ಯಾನು ಬಂದ್ ಮಾಡಿ ಶಟರ್ ಎಳೆಯುತ್ತೇವೆ. ಮರುದಿನ ದಸರೆಗೆ ನಾನು, ಭೀಮಣ್ಣ ಇಬ್ಬರೂ ಪುಣೆಗೆ ಬರುತ್ತೇವೆ. ಬನ್ನಿ ಕೊಟ್ಟು ಆ ಒಳ್ಳೆಯ ವಿಷಯ ಮಾತಾಡೋಣ.

ದತ್ತು


ವ್ಯಾನಿನಲ್ಲಿ, ಸೋಲಾಪುರ ರಸ್ತೆ
25 ಅಕ್ಟೋಬರ್ 2001, ಖಂಡೇನವಮಿ

ಅಣ್ಣಾ,

ಈ ಪತ್ರ ನಿನ್ನ ಕೈಗೆ ಕೊಡುವವಳು ನಾನೇ. ಆದರೂ ಬರೆಯುತ್ತಿದ್ದೇನೆ. ಬರೆಯದಿದ್ದರೆ ಕೂಗಿಬಿಡುತ್ತೇನೆ.

ವ್ಯಾನು ಕೆಟ್ಟು ಗ್ಯಾರೇಜಿನಲ್ಲಿತ್ತು. ಗುರಣ್ಣ ನಿನ್ನ ಪತ್ರವನ್ನು ಇವತ್ತು ಬೆಳಿಗ್ಗೆ ಕೊಟ್ಟ. ನಿನ್ನೆಯಿಂದ ನಾನು ಇನ್ನೊಂದು ಕಡತ ಏರಿಸುತ್ತಿದ್ದೆ. ಯಾವ ಕೆಮಿಕಲ್ಲಿನಿಂದ ಏನು ಅಪಾಯ ಎಂಬ ವಿವರ. ಹೊಸದರಲ್ಲಿ ಬರೆಯಲು ಜಾಗ ಚಿಕ್ಕದು, ಉದ್ದ ಬರೆದರೆ ವಾಪಸ್. ನಿನ್ನೆ ಸಲ್ಫೈಡಿನ ಸಾಲು ಕೆಂಪಾಯಿತು. ಆ್ಯಸಿಡ್ ತಾಗಿದರೆ ವಿಷದ ಗಾಳಿ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಎಂದಿತ್ತು. ಕೂಡಲೇ ನಿಮ್ಮ ಇನ್‌ಚಾರ್ಜ್ ಸಾಹೇಬರಿಗೆ ಫೋನ್ ಮಾಡಿದೆ. "ವಾಸನೆ ಇತ್ತು, ಈಗ ಹೋಗಿದೆ, ಹುಡುಗರೇ ಹೇಳಿದರು" ಎಂದರು. ನನಗೆ ಜೀವ ಬಂತು. ಮನೆಗೆ ಹೋಗಿ ಮಲಗಿದೆ. ಮಲಗಿದೆ ಅಣ್ಣಾ.

ಇವತ್ತು ಆ ಸಾಲನ್ನು ಮೊಟಕು ಮಾಡಲು ಪೂರ್ತಿ ಓದಿದೆ. ಕತ್ತರಿಸಿಹೋಗುವ ಕಡೆಯ ವಾಕ್ಯದಲ್ಲಿ ಬರೆದಿತ್ತು: ಗಾಳಿ ಹೆಚ್ಚಾದರೆ ಮೂಗು ಸತ್ತುಹೋಗುತ್ತದೆ, ವಾಸನೆ ತಿಳಿಯುವುದಿಲ್ಲ, ವಾಸನೆ ನಿಂತಿತೆಂದು ಒಳಗೆ ಹೋಗಬೇಡಿ. ಮೇಜಿನ ಮೇಲೆ ನಿನ್ನ ಪತ್ರ ಇತ್ತು. ಖುಷಿಯ ಸುದ್ದಿ ಎಂದು ನೀನು ಬರೆದಿದ್ದೆ.

ಅಲ್ಲಿಗೆ ಫೋನ್ ಮಾಡಿದರೆ ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಗೇಟಿಗೆ ಮಾಡಿದರೆ ಅಲ್ಲಿನವನು "ಸಗಳೇ ಪೂಜೇಲಾ ಗೇಲೇ" ಎಂದ, ಎಲ್ಲರೂ ಪೂಜೆಯ ಓಡಾಟದಲ್ಲಿದ್ದಾರಂತೆ. ಸ್ಟೋರಿನೊಳಗೆ ಯಾರನ್ನೂ ಬಿಡಬೇಡ ಎಂದು ಚೀರಿದೆ. ಹೂಂ ಎಂದ, ಹಿಂದೆ ಬ್ಯಾಂಡಿನ ಸದ್ದಿತ್ತು, ಏನು ಕೇಳಿಸಿತೋ ಕಾಣೆ. ಮಧುಕರ ಸರ್‌ಗೆ ಎಲ್ಲ ಹೇಳಿಬಿಟ್ಟೆ. ಜಗಲಿ ಎಂದರೆ ಆ್ಯಸಿಡ್ಡಿಗೂ ಸಲ್ಫೈಡಿಗೂ ನಡುವೆ ಬಿಟ್ಟ ಅಂತರವೆಂದು ನನಗೆ ಗೊತ್ತಿರಲಿಲ್ಲ ಎಂದೆ. ಎಷ್ಟು ಸುಲಭವಾಗಿ ಬಾಯಿಂದ ಬಂತು ಆ ಮಾತು! ಅವರು ಬೈಯಲಿಲ್ಲ. ನಾನು ಫೋನ್ ಮಾಡುತ್ತಲೇ ಇರುತ್ತೇನೆ, ನೀನು ಹೋಗು ಎಂದರು. ಪೂಜೆಗೆ ಪೇಢೆ ಒಯ್ಯುವ ವ್ಯಾನು ಹೊರಟಿತ್ತು, ಹತ್ತಿಬಿಟ್ಟೆ.

ನಾನು ಹೆದರಿದ್ದು ಕೆಂಪು ಸಾಲಿಗೆ. ಅದಕ್ಕೆ ಹೆದರಿ ನಿನಗೆ ಕೈ ಮುಗಿದೆ. ನನ್ನ ಮಾತು ಕೇಳಬಾರದಿತ್ತು ನೀನು, ಬೈದು ಬರೆಯಬೇಕಿತ್ತು.

ಯವತ ದಾಟಿತು. ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡುತ್ತಿಲ್ಲ. ಗುರಣ್ಣ ಹಾರ್ನಿನಿಂದ ಕೈ ತೆಗೆದಿಲ್ಲ. ವ್ಯಾನಿನ ತುಂಬ ಪೇಢೆಯ ವಾಸನೆ. ವಾಸನೆ ಬರುತ್ತಿದೆಯಲ್ಲ ನನಗೆ ಎನಿಸಿ ಇನ್ನೂ ಹೆದರಿಕೆಯಾಗುತ್ತದೆ.

ಪಾಟಸ್ ಬಂತು, ಕುರಕುಂಭ ಇನ್ನು ಹತ್ತಿರ. ಅಣ್ಣಾ, ಹೊರಗೆ ಇರು. ರಂಗೋಲಿ ಹಾಳಾಗಿ ಹೋಗಲಿ, ಫ್ಯಾನು ಹಾಕು, ಹೊರಗೆ ಬಾ


ವಾಕಡ
14 ನವೆಂಬರ್ 2001

ಅಣ್ಣಾ,

ದೀಪಾವಳಿಯ ದಿನ ಬರೆಯುತ್ತಿದ್ದೇನೆ. ಮನೆಯಲ್ಲಿ ದೀಪ ಹಚ್ಚಿಲ್ಲ. ಖಂಡೇನವಮಿಯ ನಂತರ ನಾನು ಬರೆದ ಎರಡು ಪತ್ರಕ್ಕೂ ಉತ್ತರವಿಲ್ಲ. ಗುರಣ್ಣ ಪ್ರತಿ ಸಲ ಬರಿಗೈ ತೋರಿಸುತ್ತಾನೆ. ನೀನು ಭೀಮಣ್ಣನ ಊರಿಗೆ ಹೋಗಿದ್ದೀ, ಬಂದಮೇಲೆ ಬರೆಯುತ್ತೀ ಎಂದು ಅತ್ತೆ ಹೇಳುತ್ತಾಳೆ. ಇನ್ನು ಮುಂದೆ ನೀನು ಬರೆಯುವುದೇ ಇಲ್ಲವೇನೋ ಎಂದು ನನಗೆ ಭಯ.

ಆ ದಿನದಿಂದ ನೀನು ನನ್ನ ಜೊತೆ ಒಂದು ಮಾತೂ ಆಡಿಲ್ಲ. ನಾನು ಕಂಡದ್ದನ್ನು ಹೇಳುತ್ತೇನೆ, ಒಮ್ಮೆ ಓದು. ವ್ಯಾನು ಗೇಟಿನಲ್ಲಿ ನಿಲ್ಲುವ ಮೊದಲೇ ಇಳಿದು ಓಡಿದೆ. ನೀನು ಮಾವಿನ ತೋರಣ ಹಿಡಿದು ಸ್ಟೋರಿನ ಬಾಗಿಲಲ್ಲಿದ್ದೆ. ಶಟರ್ ಅರ್ಧ ಎತ್ತಿತ್ತು. ಒಳಗೆ ಭೀಮಣ್ಣ ಬಿದ್ದಿದ್ದ. ಏಳನೇ ಖಾನೆಯ ಚೀಲಗಳನ್ನೆಲ್ಲ ಒಬ್ಬನೇ ಹೊರಗೆಳೆದಿದ್ದ, ಬಕೆಟ್ ಉರುಳಿತ್ತು, ನೆಲ ಒದ್ದೆ. ಶರಣಬಸಪ್ಪನ ಫೋಟೋ ಗೋಡೆಗೆ ಒರಗಿತ್ತು. ಪೂಜೆಗೆ ಮೊದಲು ದೇವರನ್ನು ಅವನ ಜಾಗಕ್ಕೆ ತರಬೇಕೆಂದು ಯಾರಿಗೂ ಹೇಳದೆ ಬೇಗ ಹೋಗಿ ನೆಲ ತೊಳೆದಿದ್ದ. ಕ್ಯಾನಿನಿಂದ ಸೋರಿದ ಆ್ಯಸಿಡ್ಡೂ ಚೀಲದಿಂದ ಉದುರಿದ ಪುಡಿಯೂ ಅವನು ಹಾಕಿದ ನೀರಲ್ಲಿ ಬೆರೆತವು.

ನೀನು ಒಳಗೆ ನುಗ್ಗಲು ಬಗ್ಗಿದೆ. ನಾನು ನಿನ್ನ ತೋಳು ಹಿಡಿದೆ. "ಬಿಡು ಭುವನಾ, ಅಂವ ಇನ್ನಾ ಕೈ ಆಡಸ್ಲತ್ತಾನ" ಎಂದೆ ನೀನು. ನಾನೂ ಕಂಡೆ ಅಣ್ಣಾ. ಅವನ ಕೈ ಆಡುತ್ತಿತ್ತು. ಆದರೂ ಬಿಡಲಿಲ್ಲ. ಗುರಣ್ಣನನ್ನು ಕರೆದು ನಿನ್ನ ಸೊಂಟ ಹಿಡಿಸಿದೆ. ಮುಖಕ್ಕೆ ಮಾಸ್ಕ್ ಹಾಕಿಕೊಂಡವರು ಓಡಿ ಬರುವ ಹೊತ್ತಿಗೆ ಕೈ ನಿಂತಿತ್ತು. ನೀನು ನನ್ನ ಕಡೆ ತಿರುಗಿ ನೋಡಿದ ನೋಟ ಈಗಲೂ ಎದುರಿಗಿದೆ.

ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಮುಂದೆ ಎಲ್ಲ ಹೇಳಿದ್ದೇನೆ. ಸಾಲು ತೆಗೆದವಳು ನಾನು, ಚೀಟಿ ಮೀರಬೇಡ ಎಂದವಳೂ ನಾನು ಎಂದು. ಮಧುಕರ ಸರ್ ನನ್ನ ಪಕ್ಕದಲ್ಲೇ ಕೂತು, ಕೇಳದೆ ಒಪ್ಪಿಕೊಂಡವನು ನಾನು ಎಂದು ತಮ್ಮ ಹೆಸರೂ ಬರೆಸಿದರು. ನೌಕರಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅದರ ಭಯ ಈಗಿಲ್ಲ. ಬೇರೆ ಒಂದು ಭಯವಿದೆ. ಆ ಸಿಟ್ಟಿನ ಪತ್ರದಲ್ಲಿ, ಅಷ್ಟು ಭಕ್ತಿ ಇದ್ದರೆ ಭೀಮಣ್ಣನೇ ಚೀಲ ಸರಿಸಿ ನೆಲ ತೊಳೆಯಲಿ ಎಂದು ಬರೆದಿದ್ದೆ. ಒಂದಕ್ಷರ ಬಿಡದೆ ಓದಿ ಹೇಳಿದೆ ಎಂದು ನೀನು ಬರೆದಿದ್ದೀ. ಆ ಸಾಲನ್ನೂ ಓದಿದೆಯಾ? ನಿಜ ಹೇಳು. ಏನಾದರೂ ಹೇಳು.

ಇನ್ನೊಂದು. ಏಳನೇ ಖಾನೆಗೆ ಇನ್ನು ಮುಂದೆ ಏನೂ ಇಡದಂತೆ ಹೊಸದರಲ್ಲಿ ಬಂದ್ ಮಾಡಲು ಹೇಳಿದ್ದಾರೆ. ಹಾಗೆ ಬಂದ್ ಮಾಡಬಹುದಂತೆ, ಮೊದಲಿನಿಂದಲೂ ಅದಕ್ಕೆ ಒಂದು ಜಾಗ ಇತ್ತಂತೆ. ಆದರೆ ‘ಕಾರಣ’ ಎಂಬಲ್ಲಿ ಒಂದು ಶಬ್ದವಾದರೂ ತುಂಬದೆ ಅದು ಒಪ್ಪುವುದಿಲ್ಲ. ಕೆಂಪಾಗಿ ವಾಪಸ್ ಬರುತ್ತದೆ. ಅದರ ಮುಂದೆ ಕೂತು ಕೂತು ಎದ್ದು ಬರುತ್ತೇನೆ. ಏನು ಬರೆಯಲಿ?

ಭುವನಾ


ಕುರಕುಂಭ
27 ನವೆಂಬರ್ 2001

ತಂಗಿ ಭುವನಾಳಿಗೆ ಆಶೀರ್ವಾದ.

ನಿನ್ನ ಮೂರೂ ಪತ್ರ ಒಟ್ಟಿಗೆ ಓದಿದೆ. ವ್ಯಾನಿನಲ್ಲಿ ಬರೆದದ್ದನ್ನೂ ಓದಿದೆ. ಅದು ಆ ದಿನ ನಿನ್ನ ಕೈಯಿಂದ ಬಿದ್ದದ್ದನ್ನು ಗುರಣ್ಣ ಎತ್ತಿಟ್ಟಿದ್ದ.

ಭೀಮಣ್ಣನ ಟ್ರಂಕು ಮಾನಮ್ಮನಿಗೆ ಮುಟ್ಟಿಸಿ ಬಂದೆ. ಅವಳು ಟ್ರಂಕು ತೆಗೆಯಲಿಲ್ಲ. "ನೀ ಉಂಡಿಯೇನಪ್ಪಾ?" ಎಂದು ಕೇಳಿ ರೊಟ್ಟಿ ಬಡಿಯಲು ಕೂತಳು. ಅವಳು ಬಡಿಯುವುದನ್ನು ನೋಡುತ್ತ ಕೂತೆ. ಕೈ ಥೇಟ್ ಅವನದೇ. ಅಳು ಬಂತು, ಅಲ್ಲಿಯವರೆಗೆ ಬಂದಿರಲಿಲ್ಲ.

ನನಗೆ ಇನ್ನೂ ಯಾವ ವಾಸನೆಯೂ ತಿಳಿಯುವುದಿಲ್ಲ. ದವಾಖಾನೆಯವರು ನಿಧಾನ ಬರುತ್ತದೆ ಎಂದಿದ್ದಾರೆ. ಇದನ್ನೂ ಮುಚ್ಚಿಡಬೇಕೆಂದಿದ್ದೆ. ಬೇಡ, ಮುಚ್ಚಿಟ್ಟದ್ದು ಸಾಕು. ತಲೆನೋವನ್ನು ನಾನು ಆಗಲೇ ಬರೆದಿದ್ದರೆ ನಿನಗೆ ಆಗಲೇ ತಿಳಿಯುತ್ತಿತ್ತೋ ಏನೋ.

ನೀನು ನನ್ನನ್ನು ಹಿಡಿದದ್ದಕ್ಕೆ ನಿನ್ನನ್ನು ಶಪಿಸಿದ್ದೇನೆ, ಸುಳ್ಳು ಹೇಳುವುದಿಲ್ಲ. ಊರಿಗೆ ಹೋಗುವ ಬಸ್ಸಿನ ತುಂಬ ಶಪಿಸಿದೆ. ಮಾನಮ್ಮನಿಗೂ ಹೇಳಿದೆ, ನಾ ಒಳಗ ಹೋಗ್ತಿದ್ದೆ, ನಮ್ಮ ತಂಗಿ ಬಿಡಲಿಲ್ಲ ಎಂದು. ಅವಳು ಹಿಟ್ಟಿನ ಕೈಯಲ್ಲೇ ನನ್ನ ತೋಳು ತಿರುಗಿಸಿ ನಿನ್ನ ಉಗುರಿನ ಗಾಯ ನೋಡಿದಳು. "ಬಿಡದಿದ್ದದ್ದೇ ಚಲೋ ಆತು. ಇಲ್ಲಂದ್ರ ಇವತ್ತ ನಿಮ್ಮವ್ವನೂ ನನ್ನಂಗ ಕುಂದರ್ತಿದ್ಳು" ಎಂದಳು. ಆ ಮಾತಿನ ಮೇಲೆ ನಾನು ಇನ್ನು ಯಾರನ್ನು ಶಪಿಸಲಿ?

ಆ ಸಾಲನ್ನು ನಾನು ಅವನಿಗೆ ಓದಲಿಲ್ಲ. ಒಂದಕ್ಷರ ಬಿಡದೆ ಎಂದು ಬರೆದದ್ದು ಸುಮ್ಮನೆ ಜಂಬಕ್ಕೆ. ನೀನು ಅವನ ಬಗ್ಗೆ ಕೊಂಕು ಬರೆದಲ್ಲೆಲ್ಲ ನಾನು ಬಿಟ್ಟು ಓದುತ್ತಿದ್ದೆ. ಇದನ್ನು ನಂಬು. ಮತ್ತೆ ಕೇಳಬೇಡ.

ಆ ಒಳ್ಳೆಯ ವಿಷಯ ಏನೆಂದು ನೀನು ಎರಡನೇ ಸಲ ಕೇಳಲೇ ಇಲ್ಲ. ನಿನಗೆ ತಿಳಿದಿರಬೇಕು. ದಸರೆಗೆ ನಿನ್ನನ್ನು ಕೇಳಲು ಬರುವಾಗ ಹಾಕಿಕೊಳ್ಳಲೆಂದು ಅವನು ಹೊಸ ಅಂಗಿ ಹೊಲಿಸಿದ್ದ. ಅದೂ ಟ್ರಂಕಿನಲ್ಲೇ ಹೋಯಿತು.

ಕಾರಣ ಏನು ಬರೆಯಲಿ ಎಂದೆಯಲ್ಲ. ಭೀಮಣ್ಣ ಎಂದು ಬರಿ. ಬೇರೇನೂ ಬರೆಯಬೇಡ. ಮುಂದೆ ಯಾರೋ ಹೊಸಬರು ಪರದೆಗೆ ಬಗ್ಗಿ, ಇದೇನು, ಯಾವ ಕೆಮಿಕಲ್ಲು ಎಂದು ಕೇಳುತ್ತಾರೆ. ಕೇಳಲಿ. ಆಗ ಅವರನ್ನು ಕೂರಿಸಿಕೊಂಡು ಮೊದಲಿನಿಂದ ಎಲ್ಲ ಹೇಳು.

ದತ್ತು